ಪೆನ್ಸಿಲಿನ ಕಾಗದ, ಶಾಯಿಯ ಕಾಗದ

ಹುಮನಾಬಾದಿನ ಮಿಷನ್ ಕಂಪೌಂಡಿನೊಳಗೆ ಶಿಕ್ಷಕಿಯರ ತರಬೇತಿ ಶಾಲೆ ಇತ್ತು. ರಾಜ್ಯ ಒಂದಾಗಿ ಹತ್ತು ವರ್ಷವೋ ಹನ್ನೊಂದು ವರ್ಷವೋ ಆಗಿದ್ದ ಕಾಲ. ನಾನು ಅಲ್ಲಿ ಎರಡನೆಯ ವರ್ಷದಲ್ಲಿದ್ದೆ. ಜೂನ್ ತಿಂಗಳ ಒಂದು ಮಧ್ಯಾಹ್ನ ಹಾಸ್ಟೆಲಿನ ಮೇಟ್ರನ್ ನನ್ನನ್ನು ಕರೆದು, ತಗಡಿನ ಪೆಟ್ಟಿಗೆಯ ಮೇಲೆ ಕೂತಿದ್ದ ಹುಡುಗಿಯನ್ನು ತೋರಿಸಿ, "ಇಕಿ ನಿನ್ನಾಕಿ" ಎಂದರು.

ಹೊಸದಾಗಿ ಬಂದ ಪ್ರತಿಯೊಬ್ಬಳಿಗೂ ಎರಡನೆಯ ವರ್ಷದ ಒಬ್ಬಳು ಅಕ್ಕನಾಗಬೇಕು, ಅದು ಅಲ್ಲಿಯ ಪದ್ಧತಿ. ನೀರಿನ ಪಾಳಿ, ಗಂಟೆಗಳ ಅರ್ಥ, ಪ್ರಾರ್ಥನೆಯಲ್ಲಿ ನಿಲ್ಲುವ ಜಾಗ ಎಲ್ಲವನ್ನೂ ಅಕ್ಕ ಹೇಳಿಕೊಡಬೇಕು. ತಂಗಿಗೆ ಜಡ್ಡಾದರೆ ಬುಧವಾರ ಸಂಜೆ ಹೆಸರು ಬರೆಸಬೇಕು. ಗುರುವಾರ ದವಾಖಾನೆಯಿಂದ ನರ್ಸ್ ಬರುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕೆಲಸ ಭಾನುವಾರದ್ದು. ಚರ್ಚಿನಿಂದ ಬಂದ ಮೇಲೆ ಎಲ್ಲರೂ ಊಟದ ಕೋಣೆಯಲ್ಲಿ ಕೂತು ಮನೆಗೆ ಕಾಗದ ಬರೆಯಬೇಕು. ಹೊಸಬರು ಮೊದಲು ಪೆನ್ಸಿಲಿನಲ್ಲಿ ಬರೆದು ಅಕ್ಕನಿಗೆ ತೋರಿಸುತ್ತಿದ್ದರು. ಅಕ್ಕ ತಿದ್ದಿದ್ದನ್ನು ಶಾಯಿಯಲ್ಲಿ ಕಾರ್ಡಿಗೆ ಇಳಿಸಿ ತಂದರೆ ಮೂಲೆಯಲ್ಲಿ ಅವಳು ಒಂದು ಗುರುತು ಹಾಕುತ್ತಿದ್ದಳು. ಗುರುತಿದ್ದ ಕಾರ್ಡನ್ನು ಮೇಟ್ರನ್ ಓದುತ್ತಿರಲಿಲ್ಲ, ನೇರ ಟಪಾಲು ಚೀಲಕ್ಕೆ ಹಾಕುತ್ತಿದ್ದರು.

ತಿದ್ದುವುದೆಂದರೆ ಒತ್ತಕ್ಷರ, ದೀರ್ಘ ಮಾತ್ರವಲ್ಲ. ಮನೆಯವರಿಗೆ ಗಾಬರಿಯಾಗುವ ಮಾತು ಕಾಗದದಲ್ಲಿ ಉಳಿಯಬಾರದು. ಇದಕ್ಕೆ ಕಾರಣವೂ ಇತ್ತು. "ಇಲ್ಲಿ ಮನಸ್ಸು ಹತ್ತವಲ್ದು" ಎಂದು ಒಂದು ಸಾಲು ಹೋದರೆ ಸಾಕು, ಮುಂದಿನ ವಾರ ಅಪ್ಪನೋ ಕಾಕನೋ ಬಂದು ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಹೋದವಳಿಗೆ ಬೇಸಿಗೆಯೊಳಗೆ ಮದುವೆಯಾಗಿಬಿಡುತ್ತಿತ್ತು. ಮೇಟ್ರನ್ ಅಂಥ ಹಲವರನ್ನು ಕಂಡಿದ್ದರು. ಮೊದಲ ಎರಡು ತಿಂಗಳಲ್ಲಿ ಹೊಸ ಹುಡುಗಿಯರಿಗೆ ಬರುವ ತಲೆನೋವು, ಹೊಟ್ಟೆನೋವು, ವಾಂತಿ ಎಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರಿತ್ತು: ಮನೀ ಜ್ವರ. ನನಗೂ ಬಂದಿತ್ತು. ಒಂದು ಪೆಪ್ಪರಮಿಂಟು ಕೊಟ್ಟು ಕಳಿಸಿದ್ದರು.

ನಾನು ಬಸವಕಲ್ಯಾಣದ ಕಿರಾಣಿ ಅಂಗಡಿಯವರ ಮಗಳು, ಕ್ರೈಸ್ತಳಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಉಳಿದವರು ಹಾಡುವಾಗ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಯಾರೂ ಹಾಡು ಎನ್ನುತ್ತಿರಲಿಲ್ಲ, ಹಾಡಬೇಡ ಎಂದೂ ಹೇಳುತ್ತಿರಲಿಲ್ಲ. ಒಂದು ವರ್ಷ ಹಾಗೇ ನಿಂತವಳಿಗೆ ಯಾರೋ ಒಬ್ಬಳು 'ನಿನ್ನಾಕಿ' ಎಂದಾಗ ಆದ ಸಂತೋಷ ಸಣ್ಣದಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ನನ್ನ ತಪ್ಪಿನಲ್ಲಿ ಅದರ ಪಾಲೂ ಇದೆ. ಆ ಹುಡುಗಿ ಬಿಟ್ಟುಹೋಗುವುದು ನನಗೆ ಬೇಕಿರಲಿಲ್ಲ.

ಅವಳು ಹುಲಸೂರಿನ ಕಡೆಯವಳು. ಅಪ್ಪನಿಗೆ ಎರಡು ಎಕರೆ ಹೊಲ. ಉಳಿದ ದಿನ ಬೇರೆಯವರ ಹೊಲದಲ್ಲಿ ಕೂಲಿ. ಮೊದಲ ಭಾನುವಾರ ಅವಳು ಪೆನ್ಸಿಲಿನಲ್ಲಿ ಬರೆದದ್ದು ನಾಲ್ಕೇ ಸಾಲು. "ಅಪ್ಪಾ, ನನ್ನ ಎಡಗಿವಿ ಬಹಳ ನೋಯುತ್ತದೆ. ಒಳಗೆ ಸಪ್ಪಳ ಬರುತ್ತದೆ. ನೀನು ಬಂದು ನೋಡು. ಆಗದಿದ್ದರೆ ಕರೆದುಕೊಂಡು ಹೋಗು."

"ಇದು ಬ್ಯಾಡ" ಎಂದೆ.

"ಖರೇನ ನೋಯಾಕತ್ತದರಿ ಅಕ್ಕಾ."

"ಯಾರಿಗೆ ನೋಯಂಗಿಲ್ಲ? ನನಗ ಹೊಟ್ಟಿ ನೋಯ್ತಿತ್ತು. ಈಗ ನೋಡು, ಮೂರು ರೊಟ್ಟಿ ತಿಂತೀನಿ."

ಅವಳು ನಗಲಿಲ್ಲ. ಎದುರಿಗೆ ಕೂತಿದ್ದ ಇನ್ನೊಬ್ಬಳು, "ಇಕಿ ಮನೀ ಜ್ವರ ಕಿವ್ಯಾಗ ಹೊಕ್ಕಾದ ನೋಡ್ರೆ" ಎಂದಳು. ಬೆಂಚಿನ ತುಂಬ ನಕ್ಕರು. ನಾನೂ ನಕ್ಕೆ.

"ಈಗ ಬಿತ್ತಗಿ ದಿನ. ಈ ಕಾಗದ ಕೇಳಿದರ ನಿಮ್ಮಪ್ಪ ಕೂರಿಗಿ ಬಿಟ್ಟು ಓಡಿ ಬರ್ತಾನ. ಅವಗ ಫಿಕರ್ ಹಚ್ಚತೀಯೇನು?" ಎಂದು ಕೇಳಿದೆ.

ಆ ಮಾತಿಗೆ ಅವಳು ಸೋತಳು. ನಾನು ಹೇಳಿದೆ, ಅವಳು ಬರೆದಳು: "ನಾನು ಇಲ್ಲಿ ಆರಾಮ ಇದ್ದೇನೆ. ಊಟ ಚೆನ್ನಾಗಿದೆ. ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ನನ್ನ ಚಿಂತೆ ಮಾಡಬೇಡಿರಿ." ಮೂಲೆಯಲ್ಲಿ ಗುರುತು ಹಾಕಿದೆ.

ಆ ವಾರ ಬುಧವಾರ ಅವಳ ಹೆಸರು ಬರೆಸಿದ್ದೂ ನಿಜ. ನರ್ಸ್ ಕಿವಿಗೆ ಎರಡು ಹನಿ ಔಷಧ ಬಿಟ್ಟು, ಮತ್ತೆ ನೋವಾದರೆ ಬಾ ಎಂದಿದ್ದರು. ಎರಡನೆಯ ಭಾನುವಾರ ಪೆನ್ಸಿಲಿನ ಕಾಗದದಲ್ಲಿ ಕಿವಿಯ ಮಾತು ಒಂದು ಸಾಲಿಗೆ ಇಳಿದಿತ್ತು. ಅದನ್ನೂ ಹೊಡೆದುಹಾಕಿದೆ. ಮೂರನೆಯ ಭಾನುವಾರ ನನಗೆ ತಿದ್ದಲು ಏನೂ ಇರಲಿಲ್ಲ. ಆರಾಮ, ಊಟ, ಪ್ರೀತಿ, ಚಿಂತೆ. ನಾನು ಹೇಳಿಕೊಟ್ಟ ಸಾಲುಗಳನ್ನೇ ಅದೇ ಕ್ರಮದಲ್ಲಿ ತಾನಾಗಿ ಬರೆದುಕೊಂಡು ಬಂದಿದ್ದಳು.

ಆಮೇಲೆ ನಡೆದದ್ದನ್ನು ಎಷ್ಟೋ ಸಲ ಹಿಂದೆ ಮುಂದೆ ಮಾಡಿ ನೋಡಿದ್ದೇನೆ. ಅವಳ ಕಾಗದ ಓದಿ ನಾನು ನಂಬಿದೆ. ಅವು ನನ್ನವೇ ಮಾತುಗಳೆಂಬುದು ಮರೆತುಹೋಗಿತ್ತು. 'ಆರಾಮ ಇದ್ದೇನೆ' ಎಂದು ಅವಳೇ ಬರೆದಿದ್ದಾಳಲ್ಲ, ನೋವು ಹೋಗಿರಬೇಕು ಎಂದುಕೊಂಡೆ. ಬುಧವಾರಗಳು ಬಂದವು, ಹೋದವು. ಅವಳ ಹೆಸರು ಬರೆಸಲಿಲ್ಲ. ನೋವಿನ ಮಾತು ಆಡಬಾರದೆಂಬುದೇ ಇಲ್ಲಿಯ ನಿಯಮ ಎಂದು ಅವಳು ತಿಳಿದಿರಬೇಕು. ನೋವಿದೆಯೇ ಎಂದು ಕೇಳಿದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದಳು. ತಲೆಗೆ ಸೆರಗನ್ನು ಬಿಗಿಯಾಗಿ ಹೊದ್ದುಕೊಳ್ಳತೊಡಗಿದಳು. ಚಳಿ ಎಂದಳು. ಆ ವರ್ಷ ಮಳೆ ಹಿಡಿದುಕೊಂಡಿದ್ದರಿಂದ ಅದನ್ನೂ ನಂಬಿದೆ.

ಆಗಸ್ಟಿನಲ್ಲಿ ಕಂಪೌಂಡಿನ ಪ್ರಾಥಮಿಕ ಶಾಲೆಯಲ್ಲಿ ಅವಳ ಮೊದಲ ಪಾಠ. ನಾವು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆವು. ಎಡಗಡೆ ಕೂತಿದ್ದ ಒಂದು ಮಗು ಎದ್ದು ನಿಂತು, "ಅಕ್ಕೋರ, ಪಾಟಿ ಒಡದದರಿ" ಎಂದಿತು. ಅವಳು ಹಲಗೆಯ ಮೇಲೆ ಬರೆಯುತ್ತಲೇ ಇದ್ದಳು. ಮಗು ಮತ್ತೆ ಕೂಗಿತು. ಮೂರನೆಯ ಸಲಕ್ಕೆ ಇಡೀ ಕ್ಲಾಸು ನಗತೊಡಗಿತು. ಯಾಕೆ ನಗುತ್ತಾರೆಂದು ತಿಳಿಯದೆ ಅವಳು ತಿರುಗಿ, ತನ್ನ ಸೀರೆ ಸರಿಯಾಗಿದೆಯೇ ಎಂದು ನೋಡಿಕೊಂಡಳು. ಆ ನೋಟ ಕಂಡ ಕೂಡಲೇ ಬೆಂಚಿನಿಂದ ಎದ್ದು ಹೊರಗೆ ಬಂದೆ.

ಹಾಸ್ಟೆಲಿಗೆ ಹೋಗಿ ಅವಳ ದಿಂಬು ತಿರುಗಿಸಿದೆ. ಒಂದು ಮಗ್ಗುಲಲ್ಲಿ ಹಳದಿ ಕಲೆ, ಕಲೆಯ ಮೇಲೆ ಕಲೆ. ವಾಸನೆ ಇತ್ತು. ಅದೇ ದಿನ ದವಾಖಾನೆಗೆ ಕರೆದೊಯ್ದರು. ಎಡಗಿವಿಯ ಪರದೆ ಹೋಗಿದೆ, ಆ ಕಿವಿ ಇನ್ನು ಕೇಳುವುದಿಲ್ಲ, ಬಲಗಿವಿಗೂ ಸೋಂಕು ಹತ್ತಿದೆ ಎಂದು ಡಾಕ್ಟರು ಹೇಳಿದರು. ಅದನ್ನಾದರೂ ಉಳಿಸಬೇಕೆಂದರೆ ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತರಬೇತಿ ಬಿಡಬೇಕು. ಮೇಟ್ರನ್ ಊರಿಗೆ ತಂತಿ ಕೊಟ್ಟರು.

ಅವಳ ಅಪ್ಪ ಎರಡನೆಯ ದಿನ ಬಂದರು. ಕೆಸರಾದ ಚಪ್ಪಲಿಗಳನ್ನು ಮೆಟ್ಟಿಲ ಕೆಳಗೆ ಬಿಟ್ಟು ವರಾಂಡದ ತುದಿಯಲ್ಲಿ ಕೂತಿದ್ದರು. ಮೇಟ್ರನ್ ನನ್ನನ್ನು ತೋರಿಸಿ, "ಇಕಿನೇ ನಿಮ್ಮ ಮಗಳನ್ನ ನೋಡಿಕೊಂಡಾಕಿ" ಎಂದು ಹೇಳಿ ಕಾಗದಪತ್ರ ತರಲು ಒಳಗೆ ಹೋದರು. ಅವರು ಕೈ ಮುಗಿದರು.

"ಯಾವೂರವ್ವ? ಯಾರ ಪೈಕಿ?"

ಬಸವಕಲ್ಯಾಣ ಎಂದೆ, ಅಂಗಡಿಯ ಗುರುತು ಹೇಳಿದೆ. ಅವರು ತಟ್ಟನೆ ಎದ್ದು ನಿಂತರು. "ಸಾವಕಾರ್ರ ಮಗಳೇನ್ರಿ! ನಿಮ್ಮಂಥಾಕಿ ನನ್ನ ಮಗಳಿಗೆ ಅಕ್ಕ ಆಗೀರಿ, ದೊಡ್ಡ ಮಾತ್ರಿ" ಎಂದರು. ಎಷ್ಟು ಹೇಳಿದರೂ ಮತ್ತೆ ಕೂರಲಿಲ್ಲ.

ಅಂಗಿಯ ಒಳಕಿಸೆಯಿಂದ ಕಾರ್ಡುಗಳನ್ನು ತೆಗೆದರು. ಒಂದೂ ಮುದುಡಿರಲಿಲ್ಲ. "ನಿಜಾಮರ ಕಾಲದಾಗ ಎರಡಕ್ಷರ ಉರ್ದು ಕಲತೀನ್ರಿ, ಕನ್ನಡ ಓದಾಕ ಬರಂಗಿಲ್ಲ. ನಮ್ಮ ಪೋಸ್ಟ್ ಮಾಸ್ತರ ಓದತಾನ, ಆದರ ಅವ ಗಾಡಿ ಓಡಿಸಿದಂಗ ಓದತಾನ್ರಿ. ಈ ಕಡೀ ಕಾಗದ ಒಂದ್ಸಲ ಓದ್ರಿ ಅವ್ವ. ತಾರೀಖು ನೋಡ್ರಿ. ಆರಾಮ ಇದ್ದೀನಿ ಅಂತ ಇತ್ತಲ್ಲ, ಅದರ ಮ್ಯಾಲ ಬ್ಯಾನಿ ಯಾವಾಗ ಬಂತು ಅನ್ನೂದು ನನಗ ತಿಳೀವಲ್ದು."

ಅಷ್ಟರಲ್ಲಿ ಅವಳು ಪೆಟ್ಟಿಗೆ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಕಿವಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿದ್ದರು. ನಾನು ಓದಿದೆ. ತಾರೀಖು ಓದಿದೆ, ಕಳೆದ ಭಾನುವಾರದ ಹಿಂದಿನ ಭಾನುವಾರದ್ದು; ಕಳೆದ ವಾರದ್ದು ಇನ್ನೂ ಊರು ಮುಟ್ಟಿರಲಿಲ್ಲ. ನಾಲ್ಕು ಸಾಲನ್ನೂ ಓದಿದೆ. ಅವರು ಬೆರಳು ಮಡಚಿ ಎಣಿಸಿದರು.

"ಹಂಗಾದರ ಹತ್ತು ದಿನದಾಗ ಕಿವಿ ಹೋತು" ಎಂದರು. "ಹತ್ತು ದಿನದಾಗ ಏನು ಮಾಡಾಕ ಬರ್ತಿತ್ತು? ಯಾರ ತಪ್ಪೂ ಅಲ್ಲ."

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದು, "ಅಪ್ಪಾ, ನೀರು ಕುಡಿದು ಬರ್ತೀನಿ" ಎಂದು ಎಳೆದುಕೊಂಡೇ ನಳದ ಹತ್ತಿರ ಹೋದಳು. ತನ್ನ ಧ್ವನಿ ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನನ್ನ ಮುಖಕ್ಕೆ ಮುಖ ಹಚ್ಚಿ ಹೇಳಿದಳು.

"ಹೇಳಬ್ಯಾಡ್ರಿ ಅಕ್ಕಾ. ಆ ಕಾಗದ ಅವ ಊರಿಗೆಲ್ಲ ಓದಿಸ್ಯಾನ."

"ನಾನು ಮಾಡಿದ್ದು—"

"ತಿಳದದ. ಹೇಳಿದರ ನಿಮ್ಮ ಮನಸ್ಸು ಹಗರ ಆಗ್ತದ. ಅವ ದಿನಾ, ನಾ ಆವತ್ತೇ ಹೋಗಬೇಕಿತ್ತು ಅಂತ ಅಳ್ತಾನ."

ನಾನು ಹೇಳಲಿಲ್ಲ. ಗೇಟಿನವರೆಗೆ ಹೋದೆ. ಅಪ್ಪ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡರು. ಅವಳು ಅವರ ಎಡಕ್ಕೆ ಬಂದು ನಡೆದಳು, ಅವರ ಮಾತು ಬಲಗಿವಿಗೆ ಬೀಳಲೆಂದು. ಸೊಲ್ಲಾಪುರದಲ್ಲಿ ಏನಾಯಿತೆಂದು ಕೇಳಿ ಎರಡು ಸಲ ಬರೆದೆ. ಉತ್ತರ ಬರಲಿಲ್ಲ.

ಮೇಟ್ರನ್ ಬಳಿ ಹೋಗಿ, ನನಗೆ ಈ ಕೆಲಸ ಬೇಡ ಎಂದೆ. ಅವರು, "ನಿನಗೊಬ್ಬಳಿಗೇ ಅಲ್ಲ, ನನಗೂ ನಿದ್ದಿ ಬರವಲ್ದು. ಆದರ ಹುಡುಗ್ಯಾರು ಇರಬೇಕಲ್ಲ ಇಲ್ಲಿ" ಎಂದರು. ತಡವಾಗಿ ಸೇರಿದ್ದ, ಮನ್ನಾಏಖೇಳ್ಳಿಯ ಒಬ್ಬಳನ್ನು ನನಗೇ ಒಪ್ಪಿಸಿದರು. ಮೊದಲ ಭಾನುವಾರ ಅವಳ ಪೆನ್ಸಿಲಿನ ಕಾಗದ ಕೈಗೆ ಬಂತು. ಎದೆ ನೋಯುತ್ತದೆ, ಇಲ್ಲಿ ಇರಲಾರೆ, ಜಲ್ದಿ ಬಂದು ಕರೆದುಕೊಂಡು ಹೋಗಿ ಎಂದಿತ್ತು. ನಾನು ಬುಧವಾರಕ್ಕೆ ಕಾಯದೆ ಅವಳನ್ನು ಅಂದೇ ದವಾಖಾನೆಗೆ ಕರೆದೊಯ್ದೆ. ಎದೆ ಸರಿಯಾಗಿತ್ತು. ಆದರೂ ಕಾಗದದಲ್ಲಿ ಒತ್ತಕ್ಷರ ಮಾತ್ರ ತಿದ್ದಿ, ಮೂಲೆಯಲ್ಲಿ ಗುರುತು ಹಾಕಿ ಕೊಟ್ಟೆ.

ಆ ವಾರವೇ ಅವಳ ಕಾಕ ಬಂದರು. ಮೇಟ್ರನ್ ಒಂದು ತಾಸು ಮಾತಾಡಿದರೂ ಕೇಳಲಿಲ್ಲ. ಅಷ್ಟರಲ್ಲಿ ಆ ಹುಡುಗಿ ಒಬ್ಬ ಗೆಳತಿಯನ್ನು ಮಾಡಿಕೊಂಡಿದ್ದಳು, ಹಾಡು ಕಲಿತಿದ್ದಳು. ಹೋಗುವುದಿಲ್ಲ ಎಂದು ಕಂಬ ಹಿಡಿದುಕೊಂಡಳು. ಕಾಕ ಕೈ ಬಿಡಿಸಿದರು. ಗೇಟು ದಾಟುವಾಗ ಅವಳು ತಿರುಗಿ ನನ್ನನ್ನೇ ಕೇಳಿದಳು: "ಅಕ್ಕಾ, ಎಲ್ಲಾರ ಕಾಗದಾ ತಿದ್ದತಾರ. ನೀವ್ಯಾಕ ನಂದು ತಿದ್ದಲಿಲ್ಲ?"