ಪರದೆಯ ಮೇಲೆ ನಾನಿರಲಿಲ್ಲ

ಅಳತೆಗೆ ಸಿಗದ್ದನ್ನು ನಾನು ನಂಬಿದವನಲ್ಲ. ಎಂಟನೇ ತರಗತಿಗೆ ಶಾಲೆ ಬಿಟ್ಟು, ಗಿಂಡಿ ಬಡಾವಣೆಯ ಒಂದು ಲೇತ್ ಕಾರ್ಖಾನೆಯಲ್ಲಿ ಬೆಳೆದೆ. ದೆವ್ವದ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದೆ. ಈಗ ನನ್ನ ಮಾತನ್ನು ನೀವು ನಂಬದಿದ್ದರೂ ತಪ್ಪಿಲ್ಲ.

ನನ್ನ ತಂಗಿ ಓದಿದವಳು. ಬೆಟ್ಟದ ತುದಿಯ ಭಾರೀ ದೂರದರ್ಶಕಗಳಿಗೆ ಇನ್‌ಫ್ರಾರೆಡ್ ಉಪಕರಣಗಳ ವಿನ್ಯಾಸ ಮಾಡುತ್ತಾಳೆ. ನಕ್ಷತ್ರಗಳಿಂದ ಬರುವ, ಕಣ್ಣಿಗೆ ಕಾಣದ ಶಾಖದ ಬೆಳಕನ್ನು ಅವು ಹಿಡಿಯಬೇಕು. ಬೆಚ್ಚಗಿರುವುದೆಲ್ಲ ಅಂಥ ಬೆಳಕು ಚೆಲ್ಲುತ್ತದಂತೆ, ಉಪಕರಣ ಕೂಡ. ಹಾಗಾಗಿ ಅದನ್ನು ಗಾಳಿ ತೆಗೆದ ಉಕ್ಕಿನ ಪಾತ್ರೆಯೊಳಗೆ, ಮಂಜುಗಡ್ಡೆಗಿಂತ ಎಷ್ಟೋ ತಣ್ಣಗೆ ಇಡಬೇಕು.

ಒಳಗಿನ ಒಂದು ಚೌಕಟ್ಟನ್ನು ನನ್ನ ಕೈಯಲ್ಲೇ ಮಾಡಿಸಿದಳು. ಹನ್ನೆರಡು ಸ್ಕ್ರೂ. ಪ್ರತಿ ಸ್ಕ್ರೂವಿನ ಕುಳಿಗೂ ಪಕ್ಕದಿಂದ ಸೂಜಿಯಷ್ಟು ತೂತು ಕೊರೆಯಬೇಕು, ಇಲ್ಲದಿದ್ದರೆ ತಳದಲ್ಲಿ ಸಿಕ್ಕಿಕೊಂಡ ಗಾಳಿ ದಿನಗಟ್ಟಲೆ ಜಿನುಗುತ್ತದೆ ಎಂದು ಬಿಡಿಸಿ ಹೇಳಿದ್ದಳು. ಏಳು ಕೊರೆದ ಮೇಲೆ ಡ್ರಿಲ್ ಬಿಟ್ ಮುರಿಯಿತು. ಅಷ್ಟು ಗಾಳಿಯಿಂದ ಏನಾದೀತು ಎಂದು ಉಳಿದ ಐದನ್ನು ಬಿಟ್ಟು, ಸ್ಕ್ರೂ ಬಿಗಿದೇ ಕೊಟ್ಟೆ.

ಪಾತ್ರೆಯೊಳಗೆ ಎಲ್ಲಿಂದಲೋ ಗಾಳಿ ಬರತೊಡಗಿತು. ಎರಡು ತಿಂಗಳು ಹುಡುಕಿದಳು. ಇನ್ನೊಂದು ವಾರದಲ್ಲಿ ಸಿಗದಿದ್ದರೆ ಆ ಕೆಲಸ ಬೇರೆಯವರ ಪಾಲು. ಹೇಳಿಬಿಡಬೇಕೆಂದೇ ಒಂದು ಮಧ್ಯಾಹ್ನ ಅಡ್ಯಾರಿನ ಅವಳ ಲ್ಯಾಬಿಗೆ ಹೋದೆ.

ಪಾತ್ರೆಯ ಹೊರಮೈ ಎಲ್ಲಿ ತಣ್ಣಗಾಗಿದೆ ಎಂದು ನೋಡಲು, ಶಾಖ ಕಾಣುವ ಚಿಕ್ಕ ಕ್ಯಾಮೆರಾವನ್ನು ಎದುರಿಗೆ ಇಟ್ಟಿದ್ದಳು. ನಾವಿಬ್ಬರೂ ಪಾತ್ರೆಯ ಬಳಿ ನಿಂತಿದ್ದೆವು. ಪರದೆಯಲ್ಲಿ ಅವಳು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದ್ದಳು. ಅವಳು ಮುಟ್ಟಿದ ಮೇಜಿನ ಮೇಲೆ ಬೆರಳುಗಳ ಬೆಳಕು ಉಳಿದು, ಮೆಲ್ಲಗೆ ಕರಗುತ್ತಿತ್ತು. ಕನಸಿನೊಳಗೆ ನಿಂತ ಹಾಗಿತ್ತು.

"ಎಲ್ಲಾ ಬಿಚ್ಚಿ ನೋಡ್ದೆ ಅಣ್ಣ, ನಿಂದೊಂದು ಬಿಟ್ಟು. ನೀನು ಮಾಡಿದ್ದಲ್ವಾ, ಅದನ್ನೇನು ನೋಡೋದು."

ಪರದೆಯತ್ತ ಕಣ್ಣು ತಿರುಗಿಸಿದೆ. ನಾನು ನಿಂತ ಜಾಗದಲ್ಲಿ ಹಿಂದಿನ ಗೋಡೆಯ ಕಪ್ಪು ಮಾತ್ರ ಇತ್ತು. ಕೈ ಎತ್ತಿದೆ. ಏನೂ ಅಲುಗಲಿಲ್ಲ. ಅವಳು ನನ್ನ ಭುಜದ ಮೇಲೆ ಕೈಯಿಟ್ಟಳು; ಪರದೆಯಲ್ಲಿ ಆ ಹೊಳೆಯುವ ಕೈ ಬರಿಯ ಕತ್ತಲೆಯ ಮೇಲೆ ಊರಿಕೊಂಡಿತ್ತು.

"ಎಲ್ಲೋ ಹೋದೆ ನೀನು? ಕೊಂಜ ಈ ಕಡೆ ಬಾ," ಎಂದು ಊರಿನ ತಮಿಳು ಬೆರೆಸಿ ನಕ್ಕಳು. ಸರಿದು ನಿಂತೆ. ಆಗಲೂ ನಾನಿರಲಿಲ್ಲ. ಇದೂ ಕೆಟ್ಟಿತು ಎಂದು ಗೊಣಗುತ್ತಾ ಆರಿಸಿದಳು. ನಾನು ಏನೂ ಹೇಳದೆ ಬಸ್ಸು ಹತ್ತಿದೆ.

ಮರುದಿನ ಕ್ಯಾಮೆರಾ ಸರಿಯಾಗಿಯೇ ಇತ್ತಂತೆ. ತಿಳಿದವರನ್ನು ಕೇಳಿದರೆ, ನಡುವೆ ಗಾಜಿದ್ದರೆ ಹಾಗಾಗುತ್ತದೆ ಎಂದರು. ಗಾಜಿರಲಿಲ್ಲ. ಆ ಮಧ್ಯಾಹ್ನ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಕೆಲಸ ಅವಳ ಕೈತಪ್ಪಿತು. ಹೊಸಬರು ಚೌಕಟ್ಟು ಬಿಚ್ಚಿದಾಗ ಐದು ತೂತು ಇಲ್ಲದ್ದು ಬಯಲಾಯಿತು. ಏಳೇ ಸಾಕೆಂದು ಹೇಳಿದವಳು ತಾನೇ ಎಂದು ತಂಗಿ ಬರೆದುಕೊಟ್ಟಳು. ಇದನ್ನು ನನಗೆ ಹೇಳಿದವಳು ಅವಳಲ್ಲ. ಭಾನುವಾರ ಮನೆಗೆ ಬರುತ್ತಾಳೆ, ಮಕ್ಕಳೊಂದಿಗೆ ಆಡುತ್ತಾಳೆ, ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಾಳೆ. ಅವಳು ಕೇಳಿಲ್ಲ. ನಾನು ಹೇಳಿಲ್ಲ.