ಟಿಟ್ಟಿಭದ ಹವಾಮಾನ ವರದಿ

ಮುಂಬೈ ಬಳಿಯ ಠಾಕುರ್ಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ತಗ್ಗಿನಲ್ಲಿ ಸುರಿದಿದ್ದ ಜಲ್ಲಿಯ ನಡುವೆ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಯಿಟ್ಟಿತ್ತು. ವಿಜಯಪುರದ ಕಡೆಯವರಾದ ನಮ್ಮ ಸೆಕ್ರೆಟರಿ ಅದನ್ನು ನೋಡಿಬಂದು, "ಟಿಟವಿ ತಗ್ಗಿನ್ಯಾಗ ತತ್ತಿ ಇಟ್ಟೈತಿ ಅಂದ್ರ ಈ ವರ್ಷ ಮಳಿ ಕಡಿಮಿ. ಗಟಾರ ಸಾಫ್ ಮಾಡ್ಸೋದು ಮುಂದ ನೋಡೋಣ್ರಿ" ಎಂದರು. ಮೀಟಿಂಗಿನಲ್ಲಿದ್ದ ಪದವೀಧರರೆಲ್ಲ ತಲೆಯಾಡಿಸಿದರು. ಮೊಬೈಲಿನಲ್ಲಿ ಹವಾಮಾನ ನೋಡದೆ ಕೊಡೆಯನ್ನೂ ಮುಟ್ಟದ ಜನ ಇವರು.

ಮರಿಗಳು ಮೊಟ್ಟೆಯೊಡೆದ ದಿನವೇ ತಾಯಿಯ ಹಿಂದೆ ನಡೆದುಹೋಗಿ ಪಕ್ಕದ ಜವುಗಿನಲ್ಲಿ ಹುಳ ಹೆಕ್ಕತೊಡಗಿದವು. ಜುಲೈ ಮಳೆಗೆ ಗಟಾರ ಉಕ್ಕಿ, ಸೆಕ್ರೆಟರಿಯ ಕಾರು ಕಿಟಕಿಯವರೆಗೆ ಮುಳುಗಿತು. "ಹಕ್ಕೀನೇ ಸುಳ್ಳು ಹೇಳೈತ್ರಿ" ಎಂದರು.

ಹಕ್ಕಿ ಹೇಳಿದ್ದನ್ನು ನಾನೂ ಕೇಳಿದ್ದೆ. ಇವರು ಮೊಟ್ಟೆ ನೋಡಲು ಬಗ್ಗಿದಾಗಲೆಲ್ಲ ಅದು ನೆತ್ತಿಯ ಮೇಲೆ ಎರಗಿ, ಇಲ್ಲಿಂದ ತೊಲಗಿ ಎಂದು ಕಿರುಚಿತ್ತು, ಅಷ್ಟೆ.