ಮೂರು ಚೀಲ ಮಣ್ಣು

ಎಂಬತ್ತರ ದಶಕದ ಮೊದಲಲ್ಲಿ ನನ್ನ ಗಂಡನಿಗೆ ಯಲಬುರ್ಗಾ ಕಡೆ ಸಾಲಿ ಮಾಸ್ತರಿಕೆ ಸಿಕ್ಕಿತು. ಅವರು ಮನೆಗೆ ಬರುತ್ತಿದ್ದುದು ವಾರಕ್ಕೊಮ್ಮೆ. ಶ್ರೀರಾಮನಗರದ ಹತ್ತಿರದ ನಾಲ್ಕು ಎಕರೆ ಗದ್ದೆ ನನ್ನ ಮತ್ತು ಅತ್ತೆಯ ಪಾಲಿಗೆ ಬಂತು. ಕಾಲುವೆ ನೀರಿಗೆ ಕೊರತೆ ಇರಲಿಲ್ಲ. ಆದರೆ ಎಲ್ಲ ಕಡೆ ಒಂದೇ ಅಳತೆಯಲ್ಲಿ ಗೊಬ್ಬರ ಎರಚಿದರೂ ಮೇಲುಗಡೆಯ ಭತ್ತ ಸೊಕ್ಕಿ ಬೆಳೆದು ನೆಲಕ್ಕೆ ಬೀಳುತ್ತಿತ್ತು. ನಡುವೆ ಎಲೆ ಕಂದಾಗುತ್ತಿತ್ತು. ತಗ್ಗಿನಲ್ಲಿ ಸಸಿಯೇ ಸಾಯುತ್ತಿತ್ತು.

ಗಂಗಾವತಿಯಲ್ಲಿ ಮಣ್ಣು ಪರೀಕ್ಷೆ ಮಾಡುತ್ತಾರೆಂದು ಕೇಳಿ, ಬದುವಿನ ಪಕ್ಕ ಒಂದು ಬೊಗಸೆ ಮಣ್ಣು ಕೆದರಿ, ಖಾಲಿ ಗೊಬ್ಬರದ ಚೀಲದ ತುಂಡಿನಲ್ಲಿ ಕಟ್ಟಿ ಕಳಿಸಿದೆ. ಹದಿನೈದು ದಿನಕ್ಕೆ ಕಾರ್ಡು ಬಂತು: “ಮಣ್ಣು ಗೊಬ್ಬರದ ಚೀಲದಲ್ಲಿ ಬಂದಿದೆ. ಫಲಿತಾಂಶ ನಂಬುವಂತಿಲ್ಲ. ಸಾಧ್ಯವಾದರೆ ಒಮ್ಮೆ ಬನ್ನಿ.” ನಾಚಿಕೆಯಾಯಿತು. ಆದರೂ ಬಸ್ಸು ಹತ್ತಿದೆ.

ಕಾರ್ಡು ಬರೆದವರು ಅಲ್ಲಿನ ಸಹಾಯಕರು, ಕುಷ್ಟಗಿ ಕಡೆಯ ನಡುವಯಸ್ಸಿನವರು. ಕೂರಿಸಿ ಕೇಳಿದರು:

“ನಾಲ್ಕ ಎಕರೆಗೂ ಒಂದ ಚೀಲ ಕಳಿಸೀರಿ. ಹೊಲ ಎಲ್ಲಾ ಕಡೆ ಒಂದ ಥರಾ ಐತೇನ್ರಿ?”

“ಇಲ್ರಿ. ತಗ್ಗಿನ್ಯಾಗ ಬ್ಯಾಸಿಗಿಗೆ ಉಪ್ಪು ಚೆಲ್ಲಿದಂಗ ಬೆಳ್ಳಗಾಗ್ತೈತಿ.”

“ಮತ್ತ ಇದು ಯಾವ ಕಡೀ ಮಣ್ಣು ಅಂತ ಬರೀಲಿ?”

ಬದುವಿನ ಪಕ್ಕದ್ದೆಂದು ಒಪ್ಪಿಕೊಂಡೆ. ಕೊಯ್ಲು ಮುಗಿದ ಮೇಲೆ ಒಂದು ರವಿವಾರ ಅವರೇ ನಮ್ಮ ಗದ್ದೆಗೆ ಬಂದರು.

ಎಲ್ಲೆಲ್ಲಿ ಬೆಳೆ ಹೇಗೆ ಬರುತ್ತದೆಂದು ನಾನು ಹೇಳುತ್ತಾ ನಡೆದೆ. ಅವರು ಹಿಂದೆಯೇ ಕೋಲಿನಿಂದ ಗೆರೆ ಎಳೆಯುತ್ತಾ ಬಂದರು. ಗದ್ದೆ ಮೂರು ಭಾಗವಾಯಿತು. ಒಂದೊಂದರಲ್ಲೂ ಅಡ್ಡಾದಿಡ್ಡಿ ನಡೆದು ಹತ್ತಾರು ಕಡೆ ಗೇಣು ಆಳ ಅಗೆದೆವು. ಆ ಮಣ್ಣು ಕೂಡಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿ, ಒಂದು ಸಣ್ಣ ಚೀಲದಷ್ಟು ಉಳಿಯುವ ತನಕ ಹಾಗೇ ಮಾಡುವುದನ್ನು ಕಲಿಸಿದರು. ಅತ್ತೆ ಹಳೇ ಸೀರೆ ಹರಿದು ಮೂರು ಬಣ್ಣದ ಚೀಲ ಹೊಲಿದರು. ಅವರಿಗೆ ಓದು ಬರುತ್ತಿರಲಿಲ್ಲ. “ಚೀಟಿ ಕಳದ್ರೂ ಬಣ್ಣ ಗುರ್ತು ಸಿಗತೈತಿ,” ಎಂದರು.

ಈ ಸಲ ಮೂರು ಉತ್ತರ ಬಂದವು. ಮೇಲುಗಡೆ ಯೂರಿಯಾ ಅರ್ಧ ಸಾಕು. ನಡುವೆ ಸತುವಿನ ಕೊರತೆ. ತಗ್ಗಿಗೆ ಮೊದಲು ಬಸಿಗಾಲುವೆ ತೋಡಿ, ಜಿಪ್ಸಂ ಹಾಕಿ ಉಪ್ಪು ತೊಳೆಯಬೇಕು. ಗೊಬ್ಬರದ ಮಾತು ಆಮೇಲೆ.

ಆ ವರ್ಷ ಮೇಲಿನ ಭತ್ತ ಬೀಳಲಿಲ್ಲ, ನಡುವಿನದು ಹಸಿರಾಯಿತು. ತಗ್ಗು ಮಾತ್ರ ಮತ್ತೆ ಕೈಕೊಟ್ಟಿತು. ಬೇಸರದಿಂದ ಹೋಗಿ ಹೇಳಿದೆ.

“ಅದು ಕೆಡಾಕ ಎಷ್ಟ ವರ್ಷ ಹಿಡದೈತಿ? ಒಂದ ವರ್ಷದಾಗ ಸುಧಾರಸು ಅಂದ್ರ ಹೆಂಗ್ರಿ? ಬಿಡಬ್ಯಾಡ್ರಿ,” ಎಂದರು.

ಬಿಡಲಿಲ್ಲ. ಮೂರನೇ ವರ್ಷ ತಗ್ಗಿನಲ್ಲೂ ತೆನೆ ತೂಗಿತು. ಆ ಭಾಗದ ಅಕ್ಕಿಯನ್ನೇ ಬೇರೆ ಕಟ್ಟಿಕೊಂಡು ಗಂಗಾವತಿಗೆ ಹೋದರೆ, ಅವರಿಗೆ ವರ್ಗವಾಗಿತ್ತು. ಎಲ್ಲಿಗೆಂದು ಅಲ್ಲಿದ್ದವರಿಗೆ ಸರಿಯಾಗಿ ಗೊತ್ತಿರಲಿಲ್ಲ.

ನನ್ನ ತಪ್ಪು ಚೀಲವನ್ನು ಅವರು ಕಸಕ್ಕೆಸೆದು ಸುಮ್ಮನಿರಬಹುದಿತ್ತು. ಅದರ ಬದಲು ಕಾರ್ಡು ಬರೆದರು, ತಮ್ಮ ರಜೆಯ ದಿನ ಬಂದು ನಮ್ಮೊಂದಿಗೆ ಬಿಸಿಲಲ್ಲಿ ಅಗೆದರು. ಅವತ್ತು ನಮ್ಮ ಮನೆಯಲ್ಲಿ ಅವರು ಉಂಡದ್ದು ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ.